ಮೊದಲ ಹತ್ತು ವೋಟುಗಳ ದರ್ಬಾರು

ಮಾನ್ಯ ಸಂಪಾದಕರೇ,

ಓದುಗರು ಕಳುಹಿಸುವ ಊರಿನ ಸುದ್ದಿಗಳಿಗೆ ನಿಮ್ಮ ಜಾಲತಾಣದಲ್ಲಿ ಇನ್ನು ಮುಂದೆ ಓದುಗರೇ ವೋಟು ಹಾಕಬಹುದು, ಅತಿ ಹೆಚ್ಚು ವೋಟು ಪಡೆದ ಮೂರು ಸುದ್ದಿಗಳು ಮರುದಿನದ ಜಿಲ್ಲಾ ಪುಟದಲ್ಲಿ ಅಚ್ಚಾಗುತ್ತವೆ ಎಂಬ ಪ್ರಕಟಣೆ ನೋಡಿದೆ. ವರದಿಗಾರರು ಕಾಲಿಡದ ಓಣಿಗಳ ಸುದ್ದಿಯೂ ಪತ್ರಿಕೆಗೆ ಬರಲಿ ಎಂಬ ನಿಮ್ಮ ಆಸೆಗೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಪ್ರಕಟಣೆಯಲ್ಲಿ ಹೇಳಿದ ರೀತಿಯಲ್ಲೇ ಇದು ಜಾರಿಗೆ ಬಂದರೆ ಆ ಓಣಿಗಳ ಸುದ್ದಿಯೇ ಮೊದಲು ಮುಳುಗುತ್ತದೆ. ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ವೋಟು ಎಣಿಸುವುದು ಸುಲಭ; ಎಣಿಸಿ ಬಂದ ಸಂಖ್ಯೆ ಏನನ್ನು ಅಳೆದಿದೆ ಎಂದು ಕೇಳುವುದು ನನ್ನ ಕಸುಬು.

ಇಂಥದೇ ವ್ಯವಸ್ಥೆ, ನಮ್ಮ ಬಡಾವಣೆಯ ಸುತ್ತಮುತ್ತಲ ಸುದ್ದಿಗಾಗಿ ಕೆಲವು ಹುಡುಗರು ಕಟ್ಟಿದ ತಾಣವೊಂದರಲ್ಲಿತ್ತು. ಸುದ್ದಿ ಮೇಲೇರಲಿ ಎನ್ನುವವರು ಮೇಲಿನ ಬಾಣ, ಕೆಳಗಿಳಿಯಲಿ ಎನ್ನುವವರು ಕೆಳಗಿನ ಬಾಣ ಒತ್ತಬೇಕಿತ್ತು. ಕಳೆದ ಬೇಸಿಗೆಯಲ್ಲಿ ನಮ್ಮ ಹಿಂದಿನ ಬೀದಿಯ ಗೃಹಿಣಿಯೊಬ್ಬರು, ನಲ್ಲಿಯಲ್ಲಿ ಚರಂಡಿ ವಾಸನೆಯ ನೀರು ಬರುತ್ತಿದೆ ಎಂದು ಬರೆದು, ಸ್ಟೀಲ್ ಬಿಂದಿಗೆಯ ತಳದಲ್ಲಿ ನಿಂತ ಕಂದು ಗಸಿಯ ಚಿತ್ರ ಹಾಕಿದರು. ಅಡುಗೆಮನೆಯ ಕೆಲಸ ಮುಗಿಸಿ ಅವರು ಮೊಬೈಲ್ ಹಿಡಿದಾಗ ರಾತ್ರಿ ಹತ್ತೂವರೆ. ಸ್ವಲ್ಪ ಹೊತ್ತಿನಲ್ಲೇ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು: ‘ಇದರಿಂದ ನಮ್ಮ ಏರಿಯಾದ ಹೆಸರು ಕೆಡುತ್ತದೆ. ಎಲ್ಲರೂ ಹೋಗಿ ಕೆಳಗಿನ ಬಾಣ ಒತ್ತಿ.’ ಬೆಳಿಗ್ಗೆ ನೋಡಿದರೆ ರಂಗೋಲಿ ಸ್ಪರ್ಧೆಯ ಬಹುಮಾನ ವಿತರಣೆ ಎಲ್ಲಕ್ಕಿಂತ ಮೇಲೆ ಕುಳಿತಿತ್ತು, ನೀರಿನ ಸುದ್ದಿ ಎರಡನೇ ಪುಟವನ್ನೂ ದಾಟಿ ಹೋಗಿತ್ತು. ಅದು ಸುಳ್ಳು ಎಂದು ಒಬ್ಬರೂ ಹೇಳಿರಲಿಲ್ಲ. ಮನೆ ಬಾಡಿಗೆಗೆ ಕೊಡುವವರಿಗೆ ಬೇಡವಾಗಿತ್ತು, ಅಷ್ಟೆ. ಕೊನೆಗೆ ರಸ್ತೆ ಅಗೆದಾಗ ಚರಂಡಿಯ ಪಕ್ಕದಲ್ಲೇ ಕೊಳವೆ ಒಡೆದಿದ್ದು ಕಂಡಿತು. ಅಷ್ಟರೊಳಗೆ ಆ ಬೀದಿಯ ಹಲವು ಮನೆಗಳ ಮಕ್ಕಳು ವಾಂತಿಭೇದಿಯಿಂದ ನರಳಿದ್ದರು. ಆ ಸಂದೇಶ ಕಳುಹಿಸಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವರ ಕೈಗೆ ಅಷ್ಟು ಸಲೀಸಾಗಿ ಆಯುಧ ಕೊಟ್ಟ ಏರ್ಪಾಡಿನ ಮೇಲೆ ಇನ್ನೂ ಹೆಚ್ಚಿನ ಸಿಟ್ಟಿದೆ.

ಇದು ನಮ್ಮ ಬಡಾವಣೆಯವರ ಸಣ್ಣತನ ಎಂದು ತಳ್ಳಿಹಾಕಬೇಡಿ. 2004ರಲ್ಲಿ ಅಮೆರಿಕದಲ್ಲಿ ಶುರುವಾದ ‘ಡಿಗ್’ ತಾಣ ಓದುಗರ ವೋಟಿನಿಂದಲೇ ಮೊದಲ ಪುಟ ಕಟ್ಟುತ್ತಿತ್ತು. ತಮಗಾಗದ ರಾಜಕೀಯ ಸುದ್ದಿಗಳನ್ನು ಹೂತುಹಾಕಲು ಒಂದು ಗುಂಪು ಒಳಗೊಳಗೇ ಮಾತಾಡಿಕೊಂಡು ವೋಟು ಹಾಕುತ್ತಿದ್ದುದು 2010ರಲ್ಲಿ ಬಯಲಾಯಿತು. ಅದೇ ವರ್ಷ ತಾಣದ ಸ್ವರೂಪವನ್ನೇ ಬದಲಿಸಿದಾಗ ಬಳಕೆದಾರರು ತಿರುಗಿಬಿದ್ದರು. 2012ರಲ್ಲಿ ಅದು ಮಾರಾಟವಾಯಿತು.

ಗುಂಪುಗಾರಿಕೆ ಇಲ್ಲದೆ ಸಭ್ಯ ಓದುಗರೇ ವೋಟು ಹಾಕಿದರೂ ತೊಂದರೆ ತಪ್ಪುವುದಿಲ್ಲ. ಡಿಗ್‌ನಂತೆಯೇ ಬಳಕೆದಾರರ ವೋಟಿನಿಂದ ಸುದ್ದಿ ಜೋಡಿಸುವ ‘ರೆಡಿಟ್’ ತಾಣ 2008ರಲ್ಲಿ ತನ್ನ ತಂತ್ರಾಂಶವನ್ನು ಬಹಿರಂಗಪಡಿಸಿತು. ಸುದ್ದಿಗಳ ಕ್ರಮ ನಿರ್ಧರಿಸುತ್ತಿದ್ದ ಅದರ ಸೂತ್ರವನ್ನು ನಾನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಬಿಡಿಸುತ್ತೇನೆ. ಮೇಲಿನ ಬಾಣದ ವೋಟುಗಳಲ್ಲಿ ಕೆಳಗಿನ ಬಾಣದವನ್ನು ಕಳೆದು, ಉಳಿದದ್ದಕ್ಕೆ ಹತ್ತರ ಆಧಾರದ ಲಾಗರಿದಮ್ ತೆಗೆದು, ಒಂದು ನಿಗದಿತ ದಿನದಿಂದ ಸುದ್ದಿ ಬಂದ ಹೊತ್ತಿನವರೆಗಿನ ಸೆಕೆಂಡುಗಳನ್ನು 45,000ದಿಂದ ಭಾಗಿಸಿ ಅದಕ್ಕೆ ಕೂಡಿಸುತ್ತಾರೆ. 10 ವೋಟಿಗೆ ಒಂದು ಅಂಕ, 100ಕ್ಕೆ ಎರಡು, 1,000ಕ್ಕೆ ಮೂರು. ಅಂದರೆ ಮೊದಲ ಹತ್ತು ಜನ ಕೊಟ್ಟಷ್ಟನ್ನೇ ಕೊಡಲು ಆಮೇಲೆ ತೊಂಬತ್ತು ಜನ ಬೇಕು. ಇನ್ನು 45,000 ಸೆಕೆಂಡು ಎಂದರೆ ಹನ್ನೆರಡೂವರೆ ಗಂಟೆ. ಅಷ್ಟು ತಡವಾಗಿ ಬಂದ ಸುದ್ದಿ ಹತ್ತನೇ ಒಂದು ಪಾಲು ವೋಟಿನಲ್ಲೇ ಹಳೆಯದರ ಸಮಕ್ಕೆ ನಿಲ್ಲುತ್ತದೆ. ಹಳಸಿದ್ದು ಕೆಳಗಿಳಿಯಲಿ, ತಕರಾರಿಲ್ಲ. ಆದರೆ ರಾತ್ರಿ ಹತ್ತೂವರೆಗೆ ಬರೆದ ಸುದ್ದಿ, ಓದುವವರು ಎದ್ದು ಕಾಫಿ ಕುಡಿಯುವ ಹೊತ್ತಿಗೇ ಎಂಟು ಗಂಟೆ ಹಳೆಯದಾಗಿರುತ್ತದೆ. ಬರೆದವರಿಗೆ ಯಾವಾಗ ಬಿಡುವು ಸಿಕ್ಕಿತು ಎಂಬುದೇ ಸುದ್ದಿಯ ಹಣೆಬರಹವಾಗುತ್ತದೆ. ಹಗಲೆಲ್ಲ ದುಡಿಯುವವರು, ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲ್ ಕೈಗೆ ಸಿಗುವ ಹೆಂಗಸರು ಬರೆದದ್ದಕ್ಕೆ ಏನಾಗಬಹುದು, ಯೋಚಿಸಿ.

ನನ್ನ ಮುಖ್ಯ ಆಕ್ಷೇಪ ಇದಕ್ಕಿಂತ ಆಳದ್ದು. ನೂರು ಜನರ ಅಭಿಪ್ರಾಯಕ್ಕೆ ಒಬ್ಬರ ಅಭಿಪ್ರಾಯಕ್ಕಿಂತ ಹೆಚ್ಚು ಬೆಲೆ ಬರುವುದು, ಅವರು ಒಬ್ಬರ ಮುಖ ಒಬ್ಬರು ನೋಡದೆ ತೀರ್ಮಾನಿಸಿದಾಗ. ಲೆವ್ ಮುಚ್ನಿಕ್, ಸಿನಾನ್ ಅರಲ್ ಮತ್ತು ಶಾನ್ ಟೇಲರ್ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸುದ್ದಿ ಹಂಚಿಕೊಳ್ಳುವ ತಾಣವೊಂದರಲ್ಲಿ ಐದು ತಿಂಗಳ ಕಾಲ 1,01,281 ಪ್ರತಿಕ್ರಿಯೆಗಳ ಮೇಲೆ ನಡೆದ ಪ್ರಯೋಗ ಅದು. ಪ್ರತಿಕ್ರಿಯೆ ಪ್ರಕಟವಾದ ಕೂಡಲೇ, ಚೀಟಿ ಎತ್ತಿದಂತೆ, ಕೆಲವಕ್ಕೆ ಸಂಶೋಧಕರೇ ಒಂದು ಮೇಲ್‌ವೋಟು ಹಾಕಿದರು, ಕೆಲವಕ್ಕೆ ಒಂದು ಕೆಳವೋಟು ಹಾಕಿದರು, ಉಳಿದವನ್ನು ಮುಟ್ಟಲಿಲ್ಲ. ಬರವಣಿಗೆಯ ಗುಣಕ್ಕೂ ಆ ವೋಟಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಹುಸಿ ಮೇಲ್‌ವೋಟು ಕಂಡ ಮೊದಲ ಓದುಗ ತಾನೂ ಮೇಲಿನ ಬಾಣ ಒತ್ತುವ ಸಂಭವ ಶೇ 32ರಷ್ಟು ಏರಿತು, ಕೊನೆಯ ಅಂಕ ಸರಾಸರಿ ಶೇ 25ರಷ್ಟು ಹೆಚ್ಚಿತು. ಹುಸಿ ಕೆಳವೋಟನ್ನು ಮಾತ್ರ ಆಮೇಲೆ ಬಂದವರು ಸರಿಪಡಿಸಿದರು. ಅದು ಒಂಟಿ ಕೆಳವೋಟು ಎಂಬುದನ್ನು ಗಮನಿಸಿ. ಇಡೀ ಗುಂಪು ಸೇರಿ ಒತ್ತಿದಾಗ ಸುದ್ದಿ ಕಣ್ಣಿಗೇ ಬೀಳುವುದಿಲ್ಲ, ಸರಿಪಡಿಸುವವರು ಎಲ್ಲಿಂದ ಬರಬೇಕು?

ಸೂತ್ರ ಬದಲಿಸಿದರಾಯಿತು ಎಂದು ನಿಮ್ಮ ತಂತ್ರಜ್ಞರು ಹೇಳಬಹುದು. ಒಳ್ಳೆಯ ಸೂತ್ರಗಳಿವೆ. ಗಣಿತಜ್ಞ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ವಿಧಾನ, ಬಿದ್ದ ವೋಟುಗಳನ್ನು ನೋಡಿ ನಿಜವಾದ ಮೆಚ್ಚುಗೆ ಕನಿಷ್ಠ ಎಷ್ಟಿರಬಹುದೆಂದು ಅಂದಾಜಿಸುತ್ತದೆ; ಅದನ್ನು ರೆಡಿಟ್ 2009ರಲ್ಲಿ ತನ್ನ ಪ್ರತಿಕ್ರಿಯೆಗಳಿಗೆ ಅಳವಡಿಸಿಕೊಂಡಿತು. ಶೇ 95ರ ವಿಶ್ವಾಸ ಮಟ್ಟದಲ್ಲಿ ಅದರ ಲೆಕ್ಕ ಹಾಕಿದರೆ, ನಾಲ್ಕಕ್ಕೆ ನಾಲ್ಕೂ ಮೇಲ್‌ವೋಟು ಪಡೆದದ್ದು ಸುಮಾರು ಶೇ 51ರಲ್ಲಿ ನಿಲ್ಲುತ್ತದೆ, ನೂರಕ್ಕೆ ತೊಂಬತ್ತು ಪಡೆದದ್ದು ಶೇ 83ರ ಹತ್ತಿರಕ್ಕೆ ಏರುತ್ತದೆ. ಕಡಿಮೆ ವೋಟನ್ನು ಕಡಿಮೆ ನಂಬಬೇಕು ಎಂಬ ವಿವೇಕ ಅದರಲ್ಲಿದೆ. ನನಗೆ ತುಂಬ ಪ್ರಿಯವಾದ ಪಾಠ ಅದು. ಆದರೆ ಒಬ್ಬರ ವೋಟು ಇನ್ನೊಬ್ಬರ ವೋಟಿನಿಂದ ಸ್ವತಂತ್ರ ಎಂದು ನಂಬಿಯೇ ಅದೂ ಹೊರಡುತ್ತದೆ.

ಈ ಸ್ವಾತಂತ್ರ್ಯವನ್ನು ಕಾಯುವುದು ಹೇಗೆಂದು ನಮ್ಮ ಚುನಾವಣಾ ಕಾನೂನಿಗೆ ಗೊತ್ತಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯ ನಾವು ಮೇ 7ರಂದು ಮತ ಹಾಕಿದೆವು. ದೇಶದ ಕೊನೆಯ ಹಂತದ ಮತದಾನ ಜೂನ್ 1ರ ಸಂಜೆ ಮುಗಿಯುವವರೆಗೆ ಯಾವ ವಾಹಿನಿಯೂ ಮತಗಟ್ಟೆ ಸಮೀಕ್ಷೆ ಪ್ರಸಾರ ಮಾಡುವಂತಿರಲಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಂ ಅದನ್ನು ನಿಷೇಧಿಸುತ್ತದೆ. ಇನ್ನೊಂದು ರಾಜ್ಯದವರ ಒಲವು ನೋಡಿ ಯಾರೂ ಮತ ಹಾಕಬಾರದು ಎಂಬುದು ಅದರ ಕಾಳಜಿ. ನಿಮ್ಮ ತಾಣದಲ್ಲಾದರೋ ಪ್ರತಿ ಸುದ್ದಿಯ ಪಕ್ಕದಲ್ಲೇ ವೋಟಿನ ಲೆಕ್ಕ ಕಾಣುತ್ತಿರುತ್ತದೆ ಎಂದು ಪ್ರಕಟಣೆ ಹೇಳುತ್ತದೆ.

ವೋಟು ಪಡೆದ ಸುದ್ದಿ ನೇರವಾಗಿ ಅಚ್ಚಿಗೆ ಹೋಗುವುದಂತೂ ನನ್ನನ್ನು ಹೆದರಿಸುತ್ತದೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಮೇಲೆ ಬಾಂಬ್ ದಾಳಿಯಾದಾಗ, ರೆಡಿಟ್ ಬಳಕೆದಾರರು ಚಿತ್ರಗಳನ್ನು ಜೋಡಿಸುತ್ತಾ ಅಪರಾಧಿಗಳನ್ನು ಹುಡುಕಲು ಕುಳಿತರು. ಮೊದಲೇ ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನ ಹೆಸರು ಶಂಕಿತನೆಂದು ಹರಡಿತು. ಅವನಿಗೂ ದಾಳಿಗೂ ಸಂಬಂಧವಿರಲಿಲ್ಲ. ಆಮೇಲೆ ಅವನ ಶವ ಸಿಕ್ಕಿತು. ರೆಡಿಟ್ ಆ ಕುಟುಂಬದ ಕ್ಷಮೆ ಕೇಳಿತು. ನಮ್ಮಲ್ಲಿ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಜೀವ ತೆತ್ತರು. ಅಂಥ ವದಂತಿಗೆ ಒಂದು ರಾತ್ರಿಯಲ್ಲಿ ಎಷ್ಟು ಮೇಲ್‌ವೋಟು ಬೀಳಬಹುದು ಎಂದು ಊಹಿಸಿ. ಅದರ ಕೆಳಗೆ ನಿಮ್ಮ ಪತ್ರಿಕೆಯ ಹೆಸರಿರುತ್ತದೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಸುದ್ದಿ ಬಂದ ಮೊದಲ ಇಪ್ಪತ್ತನಾಲ್ಕು ಗಂಟೆ ವೋಟಿನ ಲೆಕ್ಕವನ್ನು ಯಾರಿಗೂ ತೋರಿಸಬೇಡಿ, ಆ ಅವಧಿಯ ಸುದ್ದಿಗಳನ್ನು ಒಬ್ಬೊಬ್ಬ ಓದುಗರಿಗೆ ಒಂದೊಂದು ಕ್ರಮದಲ್ಲಿ ಕಲಸಿ ತೋರಿಸಿ. ಮೂರು ಸುದ್ದಿಗಳನ್ನು ಒಂದು ದಿನ ತಡವಾಗಿ ಅಚ್ಚು ಹಾಕಿದರೆ ನಷ್ಟವಿಲ್ಲ. ಕೆಳವೋಟು ಇರಲೇಬೇಕೆಂದರೆ ಕಾರಣ ಕೇಳಿ: ಸುಳ್ಳು, ಹಳೆಯದು, ಜಾಹೀರಾತು, ನಿಂದನೆ. 1997ರಷ್ಟು ಹಿಂದೆ ಶುರುವಾದ ‘ಸ್ಲ್ಯಾಶ್‌ಡಾಟ್’ ತಾಣ ಪ್ರತಿಕ್ರಿಯೆಗಳನ್ನು ತೂಗುವಾಗ ಕಾರಣ ಆರಿಸಿಕೊಳ್ಳುವಂತೆ ಮಾಡಿತ್ತು, ಅದೂ ಆಗಾಗ ಬೇರೆ ಬೇರೆ ಬಳಕೆದಾರರಿಗೆ ಐದೈದು ಅಂಕ ಕೊಟ್ಟು, ಮೂರು ದಿನದೊಳಗೆ ಬಳಸಿ ಎಂಬ ನಿಯಮದೊಂದಿಗೆ. ‘ನಮ್ಮ ಏರಿಯಾದ ಹೆಸರು ಕೆಡುತ್ತದೆ’ ಎಂಬುದು ನಿಮ್ಮ ಪಟ್ಟಿಯಲ್ಲಿ ಇರಕೂಡದು. ಅಚ್ಚಾಗುವ ಮುನ್ನ ವರದಿಗಾರರೊಬ್ಬರು ಸ್ಥಳಕ್ಕೆ ಹೋಗಬೇಕು, ಕನಿಷ್ಠ ಫೋನಾದರೂ ಮಾಡಬೇಕು. ಮತ್ತು ಆ ಮೂರು ಜಾಗಗಳಲ್ಲಿ ಒಂದನ್ನು ವೋಟಿಗೆ ಬಿಡದೆ, ಕೆಳಗಿನ ಪುಟಗಳಿಗೆ ಜಾರಿದ ಸುದ್ದಿಗಳಿಂದ ನಿಮ್ಮ ವರದಿಗಾರರೇ ಆರಿಸಿ ತುಂಬಲಿ.

ಯೋಜನೆ ಶುರುವಾಗುವ ಮೊದಲೇ ವೋಟು ಎಣಿಸುವ ಸೂತ್ರವನ್ನು ಪತ್ರಿಕೆಯಲ್ಲಿ ಪ್ರಕಟಿಸಿ. ನನ್ನ ಅಂತಿಮ ವರ್ಷದ ವಿದ್ಯಾರ್ಥಿಗಳು ಅದನ್ನು ಪರೀಕ್ಷಿಸಿ ಎಲ್ಲಿ ಸೋರುತ್ತದೆ ಎಂದು ಬರೆದು ಕೊಡಲು ಸಿದ್ಧರಿದ್ದಾರೆ, ಸಂಭಾವನೆ ಬೇಡ.

ಇಂತಿ,
ಸಂಖ್ಯಾಶಾಸ್ತ್ರ ಉಪನ್ಯಾಸಕಿ, ದಾವಣಗೆರೆ