ಆರನೇ ಮಹಡಿಯ ಹುಡುಗಿಗೆ

ಉಡುಪಿ

ಪ್ರೀತಿಯ ಮಗಳೇ,

ಪ್ಯಾರಿಸ್‌ನಿಂದ ನೀನು ಕಳಿಸಿದ ಬರಹ ಓದಿದೆ. ಐಫೆಲ್ ಗೋಪುರದ ದೀಪ, ಸೇನ್ ನದಿಯ ದೋಣಿ, ಮೊಂಮಾರ್ತ್ರ್ ಗುಡ್ಡದ ಚಿತ್ರಕಾರರು ಎಲ್ಲ ಬಂದಿದ್ದಾರೆ. ಭಾಷೆಯ ಬಗ್ಗೆ ನನಗೆ ಚಿಂತೆಯಿಲ್ಲ, ಚೆನ್ನಾಗಿದೆ. ಆದರೆ ನಾಲ್ಕು ದಿನ ಪ್ಯಾಕೇಜ್ ಟೂರಿಗೆ ಹೋಗಿಬಂದವರೂ ಇಷ್ಟನ್ನು ಬರೆದಾರು. ಅಲ್ಲಿ ಬಾಡಿಗೆ ಕಟ್ಟುವ, ಬಟ್ಟೆ ಒಗೆಯುವ, ಸಂಜೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹುಡುಗಿ ನೀನು. ಆ ಹುಡುಗಿಯನ್ನು ಬರಹದಲ್ಲಿ ಎಲ್ಲೂ ಕಾಣಲಿಲ್ಲ.

ತಿರುಗಾಟದ ದಿನಗಳನ್ನು ಬಿಟ್ಟು ಕೆಲಸದ ದಿನಗಳನ್ನು ಬರೆ. ನಾನು ಹೇಳಬೇಕಾದ್ದು ಇದೊಂದೇ, ಉಳಿದದ್ದೆಲ್ಲ ಇದರ ವಿವರ.

ನಿನ್ನ ಕೋಣೆಯಿಂದಲೇ ಶುರು ಮಾಡು. ಹಳೆಯ ಕಟ್ಟಡ, ಆರನೇ ಮಹಡಿ, ಲಿಫ್ಟ್ ಇಲ್ಲ, ತಲೆಯ ಮೇಲೆ ಸತುವಿನ ತಗಡಿನ ಮಾಡು ಎಂದು ಫೋನಿನಲ್ಲಿ ಹೇಳಿದ್ದೆಯಲ್ಲ? 19ನೇ ಶತಮಾನದಲ್ಲಿ ಇಂಥ ಕೋಣೆಗಳನ್ನು ಕಟ್ಟಿದ್ದು ಮನೆಗೆಲಸದವರಿಗಾಗಿ. ಆಗ ಲಿಫ್ಟ್ ಇರಲಿಲ್ಲ, ಹಾಗಾಗಿ ಹಣವಂತರು ಕೆಳಗಿನ ಮಹಡಿಗಳಲ್ಲಿದ್ದರು, ಹತ್ತಿ ಇಳಿಯುವ ಕಷ್ಟ ಆಳುಗಳ ಪಾಲಿಗೆ. ಅವರು ಯಜಮಾನರ ಕಣ್ಣಿಗೆ ಬೀಳಬಾರದೆಂದು ಹಿಂದುಗಡೆ ಬೇರೆಯೇ ಮೆಟ್ಟಿಲು. ನೀನು ದಿನಾ ಹತ್ತುವುದು ಅದೇ ಮೆಟ್ಟಿಲೋ, ನೋಡು. ಬಾಡಿಗೆಗೆ ಕೊಡುವ ಕೋಣೆ ಕಡಿಮೆಯೆಂದರೆ 9 ಚದರ ಮೀಟರ್, ಇಲ್ಲವೇ 20 ಘನ ಮೀಟರ್ ಇರಬೇಕೆಂದು ಅಲ್ಲಿ ನಿಯಮವಿದೆ. ಟೇಪು ಹಿಡಿದು ನಿನ್ನದನ್ನು ಅಳೆ. ಬೇಸಿಗೆಯಲ್ಲಿ ಆ ತಗಡು ಎಷ್ಟು ಹೊತ್ತಿನವರೆಗೆ ಕಾದಿರುತ್ತದೆ, ಪಕ್ಕದ ಕೋಣೆಯವರು ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತಾರೆ, ಮೆಟ್ಟಿಲಲ್ಲಿ ಎದುರಾದರೆ ಮಾತಾಡುತ್ತಾರೋ ಇಲ್ಲವೋ, ಇವೆಲ್ಲ ಬರೆಯತಕ್ಕ ಸಂಗತಿಗಳು.

ನೀನು ಹೊಗಳಿದ ಆ ಅಗಲ ರಸ್ತೆಗಳಿಗೂ ನಿನ್ನ ಕೋಣೆಗೂ ಸಂಬಂಧವಿದೆ. 1853ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ನೇಮಿಸಿದ ಓಸ್ಮಾನ್ ಎಂಬ ಅಧಿಕಾರಿ ಹಳೆಯ ಕೇರಿಗಳನ್ನು ಕೆಡವಿಸಿ ಆ ರಸ್ತೆಗಳನ್ನು ಮಾಡಿಸಿದ. ಎರಡೂ ಬದಿಗೆ ಹೊಸ ಕಟ್ಟಡಗಳೆದ್ದವು, ಬಾಡಿಗೆ ಏರಿತು. ಬಡವರಲ್ಲಿ ಎಷ್ಟೋ ಮಂದಿ ಬೆಲ್ವಿಲ್‌ನಂಥ ಅಂಚಿನ ಊರುಗಳಿಗೆ ಹೋದರು. 1860ರಲ್ಲಿ ಆ ಊರುಗಳೂ ಪ್ಯಾರಿಸ್‌ಗೆ ಸೇರಿದವು. ಚಂದದ ರಸ್ತೆ ಚಂದವೇ, ಅಲ್ಲವೆನ್ನುವುದಿಲ್ಲ. ಅಲ್ಲಿಂದ ಎದ್ದು ಹೋದವರ ವಿಷಯವೂ ನಿನ್ನ ವಾಕ್ಯದಲ್ಲಿರಲಿ.

ಸ್ಯಾಂ ಮಿಶೆಲ್ ಸೇತುವೆಯ ಮೇಲೆ ನಿಂತು ನೋತ್ರ್ ದಾಮ್ ಚರ್ಚಿನ ಫೋಟೋ ತೆಗೆದೆ ಎಂದು ಬರೆದಿದ್ದೀ. ಮತ್ತೊಮ್ಮೆ ಹೋದಾಗ ಅಲ್ಲಿರುವ ಫಲಕ ಓದು. ಅಲ್ಜೀರಿಯ ಆಗಿನ್ನೂ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. 1961ರ ಅಕ್ಟೋಬರ್ 17ರಂದು ಶಾಂತವಾಗಿ ಮೆರವಣಿಗೆ ಹೊರಟ ಅಲ್ಜೀರಿಯನ್ನರ ಮೇಲೆ ಪೊಲೀಸರು ಎರಗಿದರು. ಬಹಳ ಮಂದಿ ಸತ್ತರು, ಕೆಲವರ ಹೆಣಗಳು ಇದೇ ಸೇನ್ ನದಿಯಲ್ಲಿ ಸಿಕ್ಕಿದವು. ಫಲಕ ಹಾಕಿದ್ದು 2001ರಲ್ಲಿ, 40 ವರ್ಷ ಕಳೆದ ಮೇಲೆ.

ನಮ್ಮ ಕರಾವಳಿಯ ಹುಡುಗರು ಮುಂಬಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದರು. ಅವರಲ್ಲಿ ಬರೆದವರೂ ಇದ್ದಾರೆ. ಅವರಿಗೆ ಗೇಟ್‌ವೇ ಆಫ್ ಇಂಡಿಯಾ ಬೇಕಾಗಲಿಲ್ಲ. ಕ್ಯಾಂಟೀನು, ಚಾಳು, ಕೊನೆಯ ಲೋಕಲ್ ರೈಲು, ಊರಿಗೆ ಕಳಿಸಬೇಕಾದ ಮನಿಯಾರ್ಡರು, ಇಷ್ಟರಲ್ಲೇ ಆ ನಗರ ಅವರಿಗೆ ಸಿಕ್ಕಿತು. ವಿದ್ಯಾರ್ಥಿ ವೀಸಾದ ಮೇಲೆ ವರ್ಷಕ್ಕೆ 964 ಗಂಟೆ ದುಡಿಯಲು ನಿನಗೆ ಅವಕಾಶವಿದೆ. ಆ ಗಂಟೆಗಳು ನಿನ್ನ ಬರವಣಿಗೆಗೆ ಅಡ್ಡಿಯೆಂದು ತಿಳಿಯಬೇಡ. ನಿನ್ನ ಜೊತೆ ಆ ಅಡುಗೆಮನೆಯಲ್ಲಿ ನಿಲ್ಲುವವರು ಎಲ್ಲಿಂದ ಬರುತ್ತಾರೆ, ಕೇಳು. ವರ್ತುಲ ರಸ್ತೆಯೊಳಗಿನ ಪ್ಯಾರಿಸ್‌ನಲ್ಲಿ ಸುಮಾರು 21 ಲಕ್ಷ ಜನ. ಸುತ್ತಲಿನ ಪ್ರಾಂತ್ಯವನ್ನೂ ಸೇರಿಸಿದರೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು. ಆ ಹೊರಗಿನವರಲ್ಲಿ ಲಕ್ಷಗಟ್ಟಲೆ ಮಂದಿ ದಿನಾ ಒಳಗೆ ಬಂದು ದುಡಿದು ಹೋಗುತ್ತಾರೆ. ಐದೂವರೆಯ ಮೊದಲ ಮೆಟ್ರೋದಲ್ಲಿ ಒಮ್ಮೆ ಕೂತು ನೋಡು.

ಲಾ ಶಪೆಲ್ ಕೇರಿಗೂ ನೀನು ಹೋಗಿಯೇ ಹೋಗುತ್ತೀ. ಇಡ್ಲಿ ಸಿಗುತ್ತದೆ, ಬಾಳೆಲೆ ಸಿಗುತ್ತದೆ, ಚೌತಿಯ ಹೊತ್ತಿಗೆ ಗಣಪತಿಯ ತೇರು ಎಳೆದು ರಸ್ತೆಯಲ್ಲೇ ಕಾಯಿ ಒಡೆಯುತ್ತಾರೆ. ಹೊಟ್ಟೆತುಂಬ ತಿನ್ನು, ಆದರೆ ಊರಿಗೇ ಬಂದಂತಾಯಿತು ಎಂದು ಬರೆದು ಮುಗಿಸಬೇಡ. ಆ ಅಂಗಡಿಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು 1983ರ ನಂತರ ಯುದ್ಧಕ್ಕೆ ಹೆದರಿ ಮನೆಮಾರು ಬಿಟ್ಟು ಬಂದ ಶ್ರೀಲಂಕಾದ ತಮಿಳರು. ನೀನು ಓದು ಮುಗಿಸಿ ಉಡುಪಿಗೆ ಬರಬಹುದು. ಅವರಲ್ಲಿ ಎಷ್ಟೋ ಜನರಿಗೆ ಆ ದಾರಿ ಇರಲಿಲ್ಲ.

ಇನ್ನೊಂದು ಎಚ್ಚರ. ಇದನ್ನೆಲ್ಲ ಕೇಳಿದ ಮೇಲೆ ಕಸ, ಇಲಿ, ರಸ್ತೆಬದಿಯಲ್ಲಿ ಮಲಗಿದವರು, ಇದೇ ನಿಜವಾದ ಪ್ಯಾರಿಸ್ ಎಂದು ಬರೆಯಲು ಕೈ ತುಡಿಯುತ್ತದೆ. ಅದೂ ಕ್ಯಾಮರಾ ಹಿಡಿದು ಬಂದವರ ಚಿತ್ರವೇ. ಐಫೆಲ್ ಗೋಪುರವೂ ಸುಳ್ಳಲ್ಲ. ನಿನ್ನ ಬಸ್ಸಿನ ಕಿಟಕಿಯಿಂದ ಅದು ಕಂಡರೆ, ಆ ಹೊತ್ತಿಗೆ ನೀನು ಎಲ್ಲಿಗೆ ಹೊರಟಿದ್ದೆ ಎಂಬುದನ್ನೂ ಸೇರಿಸಿ ಬರೆ.

ವಾಸದ ಕಾರ್ಡು ತರಲು ಸದ್ಯದಲ್ಲೇ ಪ್ರಿಫೆಕ್ಚರ್ ಕಚೇರಿಗೆ ಹೋಗಲಿಕ್ಕಿದೆ ಅಂದಿದ್ದೆ. ಅಲ್ಲಿ ಸಾಲಿನಲ್ಲಿ ನಿನ್ನ ಹಿಂದೆ ಮುಂದೆ ಯಾರಿದ್ದರು, ಕೈಯಲ್ಲಿ ಯಾವ್ಯಾವ ಕಾಗದ ಹಿಡಿದಿದ್ದರು, ಕಿಟಕಿಯಾಚೆಗಿನವರು ಅವರ ಹತ್ತಿರ ಹೇಗೆ ಮಾತಾಡಿದರು, ಇದನ್ನು ಅದೇ ರಾತ್ರಿ ಬರೆದು ಎರಡು ಪುಟದೊಳಗೆ ನನಗೆ ಕಳಿಸು. ಫೋಟೋ ಬೇಡ.

ಇತಿ,
ನಿನ್ನ ಮಾಷ್ಟ್ರು