ಉಪಗ್ರಹವೊಂದೇ ಸಾಲದು

ಮಾನ್ಯರೇ,

ಕಡಲನ್ನು ಉಪಗ್ರಹಗಳು ನೋಡಿಕೊಳ್ಳುತ್ತವೆ, ಇನ್ನೇನು ಬೇಕು ಎನ್ನುವವರೇ ಜಾಸ್ತಿ. ಆದರೆ ನೀರಿನ ಬಣ್ಣದಿಂದ ಅವು ಪಾಚಿಯನ್ನು ಅಂದಾಜು ಮಾಡುವುದು ಮೇಲ್ಪದರದಲ್ಲಿ ಮಾತ್ರ. ಮೋಡ ಕವಿದರೆ ಅದೂ ಇಲ್ಲ. ಆಳದ ಸುದ್ದಿ ತರುವುದು ಆರ್ಗೋ ಎಂಬ ಅಂತರರಾಷ್ಟ್ರೀಯ ಯೋಜನೆಯ ಸುಮಾರು 4,000 ತೇಲುಯಂತ್ರಗಳು. ಒಂದೊಂದೂ 2,000 ಮೀಟರ್ ಆಳಕ್ಕಿಳಿದು, ಮೇಲೇರುತ್ತಾ ನೀರಿನ ಬಿಸಿ, ಉಪ್ಪು ಅಳೆದು, 10 ದಿನಕ್ಕೊಮ್ಮೆ ಉಪಗ್ರಹಕ್ಕೆ ವರದಿ ಒಪ್ಪಿಸುತ್ತದೆ. ಎಂಥ ಕೆಲಸ ಅಲ್ವಾ!

ದಡದ ಹತ್ತಿರದ ನೀರಿಗೆ ಇವು ಹೊಂದುವುದಿಲ್ಲ. ಅಲ್ಲಿ ಲಂಗರು ಹಾಕಿದ ತೇಲುಬುರುಡೆಗಳು, ಅಂದರೆ ಬೋಯ್‌ಗಳು ಬೇಕು. ಅವುಗಳ ಸೆನ್ಸರ್ ಮೇಲೆ ಕೆಲವೇ ವಾರಗಳಲ್ಲಿ ಲೋಳೆ, ಪಾಚಿ, ಚಿಪ್ಪಿನ ಜೀವಿಗಳು ಅಂಟಿಕೊಳ್ಳುತ್ತವೆ. ಆಮೇಲೆ ಬರುವ ಅಂಕಿಗಳನ್ನು ನಂಬುವಂತಿಲ್ಲ. ಹೊಸ ಯಂತ್ರಕ್ಕೆ ಹಣ ಇಡುವಾಗಲೇ ಅದನ್ನು ತಿಕ್ಕಿ ತೊಳೆಯುವವರ ಸಂಬಳವನ್ನೂ ಸೇರಿಸಿ.

– ಕಡಲಪ್ರಿಯ ಓದುಗ