ಬಳಸುವವರಿಲ್ಲ ಎನ್ನುವ ಮೊದಲು ಹುಡುಕಲು ದಾರಿ ಕೊಡಿ

ಮಾನ್ಯ ಸಂಪಾದಕರೇ,

ಸರ್ಕಾರಿ ಲಿಂಕ್ಡ್ ಡೇಟಾ (ವೆಬ್ ವಿಳಾಸಗಳ ಮೂಲಕ ಒಂದಕ್ಕೊಂದು ಬೆಸೆದ ದತ್ತಾಂಶ) ತಾಣದ ಬಗ್ಗೆ ನಿನ್ನೆ ಬಂದ ವರದಿಯಲ್ಲಿ, ‘ದತ್ತಾಂಶ ಹಾಕಿದ್ದೇವೆ, ಬಳಸುವವರೇ ಇಲ್ಲ’ ಎಂದು ಅಧಿಕಾರಿಗಳು ಹೇಳಿದ್ದಾರೆ. ಇದು ಶುದ್ಧ ತಪ್ಪು. ಬೇಕಾದವರು ಬೇಕಾದಷ್ಟಿದ್ದಾರೆ. ಅದು ಎಲ್ಲಿದೆ ಎಂದು ತಿಳಿಯುವ ಒಂದು ದಾರಿಯನ್ನೂ ಇವರು ಬಿಟ್ಟಿಲ್ಲ, ಅಷ್ಟೆ.

ಆ ತಾಣದಲ್ಲಿ ‘ದತ್ತಾಂಶ’ ಎಂಬುದನ್ನು ಒತ್ತಿದರೆ ಇಂಥ ದತ್ತಾಂಶವನ್ನು ಕೇಳುವ ಸ್ಪಾರ್ಕಲ್ ಎಂಬ ಭಾಷೆಯಲ್ಲಿ ಪ್ರಶ್ನೆ ಬರೆಯುವ ಖಾಲಿ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಒಂದು ಮಾದರಿ ಪ್ರಶ್ನೆಯೂ ಇಲ್ಲ. ಒಳಗೆ ಏನಿದೆ, ಅದನ್ನು ವಿವರಿಸಲು ಯಾವ ಪದಕೋಶ (ನಿಗದಿತ ಪದಗಳ ಪಟ್ಟಿ) ಬಳಸಿದ್ದಾರೆ ಎಂದು ಗೊತ್ತಿಲ್ಲದವರು ಏನೆಂದು ಕೇಳಬೇಕು? ಪ್ರಶ್ನೆಯಿಲ್ಲದೆ ಬಂದವರಿಗೆ ಆ ವಿಳಾಸವೇ ಸೇವೆಯ ವಿವರ ಕೊಡಬೇಕೆಂದು 2013ರ ಸ್ಪಾರ್ಕಲ್ 1.1 ಮಾನದಂಡದಲ್ಲಿದೆ. ಪ್ರೋಗ್ರಾಂ ಮೂಲಕ ಕೇಳಿದರೆ ಇಲ್ಲಿ ಸಿಗುವುದು 400 ಎಂಬ ದೋಷ ಸಂಖ್ಯೆ. ಗ್ರಾಫ್‌ಗಳ, ಅಂದರೆ ಒಳಗಿನ ದತ್ತಾಂಶ ಗುಂಪುಗಳ, ಪಟ್ಟಿ ಕೇಳಿದರೆ ಸಮಯ ಮುಗಿಯಿತೆಂದು ನಿಂತುಬಿಡುತ್ತದೆ. ಪ್ರಶ್ನೆ ಓಡಿದರೂ ಉತ್ತರವನ್ನು 10,000 ಸಾಲಿಗೆ ಸದ್ದಿಲ್ಲದೆ ಕತ್ತರಿಸುತ್ತದೆ. ಉಳಿದದ್ದು ಇದೆಯೆಂಬ ಸೂಚನೆಯೂ ಇಲ್ಲ. ಇಡೀ ದತ್ತಾಂಶವಿರುವ ಟರ್ಟಲ್ ಎಂಬ ಪಠ್ಯರೂಪದ ಫೈಲನ್ನೇ ಇಳಿಸಿಕೊಳ್ಳೋಣವೆಂದರೆ ಅದರ ಕೊಂಡಿ ಯಾವ ಪುಟದಲ್ಲೂ ಇಲ್ಲ.

ಹೋಗಲಿ, ಸರ್ಚ್ ಎಂಜಿನ್‌ನಲ್ಲಾದರೂ ಸಿಗುತ್ತದೆಯೇ? ಸರ್ಚ್ ಎಂಜಿನ್‌ಗಳು ಎಲ್ಲಿಗೆ ಬರಬಾರದೆಂದು ಹೇಳುವ ರೋಬೋಟ್ಸ್ ಫೈಲಿನಲ್ಲಿ ದತ್ತಾಂಶದ ವಿಭಾಗವನ್ನೇ ಮುಚ್ಚಿಟ್ಟಿದ್ದಾರೆ. ಸರ್ವರ್‌ಗೆ ಹೊರೆಯಾಗದಿರಲೆಂದು ಪ್ರಶ್ನೆಯ ವಿಳಾಸವನ್ನು ಮುಚ್ಚುವುದು ಸರಿ, ವಿವರದ ಪುಟಗಳನ್ನು ಏಕೆ ಮುಚ್ಚಬೇಕು? ಗೂಗಲ್‌ನ ಡೇಟಾಸೆಟ್ ಸರ್ಚ್ 2018ರಲ್ಲೇ ಬಂದಿದೆ. ಅದು ಆರ್‌ಡಿಎಫ್ (ಲಿಂಕ್ಡ್ ಡೇಟಾ ಬರೆಯುವ ರೂಪ) ಭಂಡಾರದೊಳಗೆ ಇಣುಕಿ ನೋಡುವುದಿಲ್ಲ. ಪ್ರತಿ ದತ್ತಾಂಶಕ್ಕೂ ಒಂದು ಪುಟವಿದ್ದು, ಅದರಲ್ಲಿ ಯಂತ್ರಗಳು ಓದಬಲ್ಲ ಜೆಸನ್-ಎಲ್‌ಡಿ ರೂಪದ ವಿವರವಿದ್ದರೆ ಓದಿಕೊಳ್ಳುತ್ತದೆ. ಹೆಸರು ಮತ್ತು 50ರಿಂದ 5,000 ಅಕ್ಷರಗಳ ವಿವರಣೆ, ಕಡ್ಡಾಯವಾಗಿ ಬೇಕಾದದ್ದು ಇಷ್ಟೇ. ಆ ಪುಟಗಳನ್ನೆಲ್ಲ ಸರ್ಚ್ ಎಂಜಿನ್‌ಗೆ ತಾಣದ ವಿಳಾಸಗಳ ಪಟ್ಟಿ ಕೊಡುವ ಸೈಟ್‌ಮ್ಯಾಪಿನಲ್ಲಿ ಸೇರಿಸಬೇಕು. ಒಂದು ಸೈಟ್‌ಮ್ಯಾಪ್ ಫೈಲಿನಲ್ಲಿ 50,000 ವಿಳಾಸ ಹಿಡಿಸುತ್ತವೆ, ಜಾಗದ ಕೊರತೆ ಎನ್ನುವಂತಿಲ್ಲ.

ದತ್ತಾಂಶಗಳ ಕ್ಯಾಟಲಾಗ್ ಬರೆಯಲು ಡಿಕ್ಯಾಟ್ ಎಂಬ ಪದಕೋಶವನ್ನು, ವೆಬ್‌ನ ಮಾನದಂಡ ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸೋರ್ಶಿಯಂ 2014ರಲ್ಲೇ ಶಿಫಾರಸು ಮಾಡಿದೆ. 2024ರಲ್ಲಿ ಮೂರನೆಯ ಆವೃತ್ತಿಯೂ ಬಂತು. ಈ ತಾಣದಲ್ಲಿ ಹೆಸರಿಗೊಂದು ಕ್ಯಾಟಲಾಗ್ ಇದೆ. ಅದರಲ್ಲಿನ ಒಂದು ದತ್ತಾಂಶದ ಶೀರ್ಷಿಕೆ ‘ಅನುಬಂಧ 2 ಅಂತಿಮ’. ಕೀವರ್ಡ್‌ಗಳು ‘ಸರ್ಕಾರ, ಇಲಾಖೆ, ಮಾಹಿತಿ’. ಮಳೆಯ ಅಂಕಿಅಂಶ ಬೇಕಾದವರು ‘ಅನುಬಂಧ’ ಎಂದು ಹುಡುಕುತ್ತಾರೆಯೇ? ಯಾವ ಪ್ರದೇಶ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಪರವಾನಗಿ, ಕೊನೆಗೆ ಬದಲಾಗಿದ್ದು ಯಾವಾಗ, ಈ ಎಲ್ಲ ಕಡೆ ಖಾಲಿ. ಫೈಲಿನ ನೇರ ವಿಳಾಸ ಬರೆಯಬೇಕಾದ ಡೌನ್‌ಲೋಡ್ ಯುಆರ್‌ಎಲ್ ಜಾಗದಲ್ಲಿ ಮುಖಪುಟದ ವಿಳಾಸ ಬರೆದಿದ್ದಾರೆ. ಬೇರೆ ಪೋರ್ಟಲ್‌ಗಳ ಯಂತ್ರಗಳು ಬಂದು ಆ ಮುಖಪುಟವನ್ನೇ ದತ್ತಾಂಶವೆಂದು ಎತ್ತಿಕೊಂಡು ಹೋಗುತ್ತವೆ. ಶೀರ್ಷಿಕೆಗೆ ಭಾಷೆಯ ಗುರುತು ಹಾಕಿಲ್ಲವಾದ್ದರಿಂದ ಭಾಷೆ ಆರಿಸಿ ಹುಡುಕಿದವರಿಗಂತೂ ಏನೂ ಸಿಗದು.

ಈ ಅಧಿಕಾರಿಗಳ ಇನ್ನೊಂದು ಹಳೆಯ ಚಾಳಿಯನ್ನೂ ಹೇಳಲೇಬೇಕು. ಇಲಾಖೆಯ ಹೆಸರು ಬದಲಾದಾಗಲೆಲ್ಲ ತಾಣದ ವಿಳಾಸ ಬದಲು, ಹೊಸ ಗುತ್ತಿಗೆದಾರ ಬಂದಾಗಲೆಲ್ಲ ಪುಟಗಳ ವಿಳಾಸ ಬದಲು. ಸಾಮಾನ್ಯ ವೆಬ್‌ಸೈಟಿನಲ್ಲಿ ಇದರಿಂದ ಒಂದು ಕೊಂಡಿ ಮುರಿಯುತ್ತದೆ. ಲಿಂಕ್ಡ್ ಡೇಟಾದಲ್ಲಿ ವಿಳಾಸವೇ ವಸ್ತುವಿನ ಹೆಸರು. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 2006ರಲ್ಲಿ ಬರೆದ ನಾಲ್ಕು ನಿಯಮಗಳು ಶುರುವಾಗುವುದೇ ಅಲ್ಲಿಂದ. ವಿಳಾಸ ಸತ್ತರೆ, ಅದನ್ನು ನಂಬಿ ಕೊಂಡಿ ಹಾಕಿಕೊಂಡ ಎಲ್ಲರ ದತ್ತಾಂಶವೂ ಕೆಡುತ್ತದೆ. ವಿಳಾಸದಲ್ಲಿ ಇಲಾಖೆಯ ಹೆಸರು ಇರಲೇಬಾರದು, ಹಳೆಯದರಿಂದ ಹೊಸದಕ್ಕೆ ತಾನಾಗಿ ಕರೆದೊಯ್ಯುವ ರೀಡೈರೆಕ್ಟ್ ಇರಬೇಕು ಎಂದು ಎಷ್ಟು ಸಲ ಬರೆದು ಕೊಟ್ಟರೂ ಉತ್ತರವಿಲ್ಲ. ಪತ್ರಕ್ಕೆ ಸ್ವೀಕೃತಿ ಕೊಡುವ ಸೌಜನ್ಯವೂ ಇಲ್ಲ.

ದತ್ತಾಂಶ ಸಂಗ್ರಹಿಸಿ, ಆರ್‌ಡಿಎಫ್‌ಗೆ ಇಳಿಸುವ ಕಷ್ಟದ ಕೆಲಸವೆಲ್ಲ ಮುಗಿದಿದೆ. ಉಳಿದಿರುವುದು ವಿವರ ಬರೆಯುವ ಕೆಲಸ. ಅದಕ್ಕೆ ಆಸಕ್ತಿಯಿಲ್ಲದವರು ಜನರ ಮೇಲೆ ತಪ್ಪು ಹೊರಿಸಬಾರದು. ಕ್ಯಾಟಲಾಗನ್ನು ಕೂಡಲೇ ಸರಿಪಡಿಸಲಿ, ‘ಬಳಸುವವರಿಲ್ಲ’ ಎಂಬ ಮಾತನ್ನು ಹಿಂತೆಗೆದುಕೊಳ್ಳಲಿ, ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ.

– ದತ್ತಾಂಶ ಬಳಕೆದಾರರೊಬ್ಬರು